ಕ್ಷಮಿಸಿ ಆಗಿದೆ, ಕೇಸು ಮಾತ್ರ ಹಿಂದೆ ತಗೊಳ್ಳುದಿಲ್ಲ

ಸ್ವಲ್ಪ ಉದ್ದ ಇದೆ. ಪುರುಸೊತ್ತಿದ್ದಾಗ ಓದಿ.

ಕಳೆದ ವಾರ ಸಂತೆಕಟ್ಟೆಯ ನಮ್ಮ ಮನೆಗೆ ಒಬ್ಬರು ಬಂದಿದ್ದರು. ಕೈಯಲ್ಲಿ ಸೇಬು, ಮೋಸಂಬಿಯ ತೊಟ್ಟೆ. ಹೈವೇ ಅಂಡರ್‌ಪಾಸ್ ಕೆಲಸದ ಕಾಲದಿಂದ ನಮಗೆಲ್ಲ ಅಭ್ಯಾಸವಾದ ಧೂಳು ಅವರ ಪ್ಯಾಂಟಿನ ಮೇಲೂ ಇತ್ತು. ಅಂಗಳದಲ್ಲಿ ನಿಂತು "ಅಮ್ಮ ಇದ್ದಾರಾ?" ಅಂತ ಕೇಳಿದರು. ನನಗೆ ಒಂದು ಕ್ಷಣ ಅರ್ಥ ಆಗ್ಲಿಲ್ಲ. ಆ ಮನೆಯವರು ನನ್ನ ಅಮ್ಮನನ್ನು ಅಮ್ಮ ಅಂತ ಕರೆದದ್ದು ಅದೇ ಮೊದಲು. ಅಲ್ಲಿವರೆಗೆ ಬರೀ ಹೆಸರು, ಏಕವಚನ. ಹೆಸರಿನ ಹಿಂದೆ ಜಾತಿಯೂ ಬರ್ತಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಅವರ ತಂದೆ 2017ರಲ್ಲಿ ನನ್ನ ಅಮ್ಮನ ಎಡಗೈ ಮಣಿಕಟ್ಟು ಮುರಿದವರು. ನಮ್ಮ ಕಾಲನಿಯಿಂದ ರಸ್ತೆಗೆ ಹೋಗುವ ಕಾಲುದಾರಿ ಅವರ ತೋಟದ ಬದಿಯಲ್ಲಿ ಹಾದು ಹೋಗುತ್ತದೆ. ಮೊದಲು ಅಲ್ಲಿ ಒಂದು ತಡಮೆ ಇತ್ತು, ಹತ್ತಿ ಇಳಿದು ಹೋಗ್ತಿದ್ದೆವು. ಆಮೇಲೆ ಕೆಂಪುಕಲ್ಲಿನ ಕಂಪೌಂಡ್ ಎದ್ದಿತು, ಗೇಟು ಬಂತು, ಗೇಟಿಗೆ ಬೀಗ. ಅವತ್ತು ಬೀಗ ಹಾಕಿರಲಿಲ್ಲ. ಅಮ್ಮ ಬ್ರಾಂಚಿನಿಂದ ಬೀಡಿ ಎಲೆ ತಗೊಂಡು ಅದೇ ದಾರಿಯಲ್ಲಿ ಬಂದಳು. ಉಳಿದದ್ದು ಎಫ್‌ಐಆರ್‌ನಲ್ಲಿದೆ. ಡಿವೈಎಸ್ಪಿ ಬಂದು ಮಹಜರು ಮಾಡಿದರು, ದೌರ್ಜನ್ಯ ತಡೆ ಕಾಯ್ದೆ ಹಾಕಿದರು, ಚಾರ್ಜ್‌ಶೀಟೂ ಆಯ್ತು. 2022ರಲ್ಲಿ ಖುಲಾಸೆ. ಕಣ್ಣಾರೆ ಕಂಡ ಇಬ್ಬರು ಕಟಕಟೆಯಲ್ಲಿ ನಿಂತು ನಾವೇನೂ ನೋಡ್ಲಿಲ್ಲ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರು ಅದೇ ತೋಟದಲ್ಲಿ ಅಡಿಕೆ ಸುಲಿಯುವವರು, ಇನ್ನೊಬ್ಬರಿಗೆ ಆ ಮನೆಯಿಂದ ಮಗಳ ಮದುವೆ ಸಾಲ. ಈ ಕಾಯ್ದೆಯ ಕೇಸುಗಳು ಸಾಯುವುದೇ ಹೀಗೆ, ನಿಮಗೆಲ್ಲ ಗೊತ್ತಿದೆ. ನಾವು ಹೈಕೋರ್ಟಿಗೆ ಅಪೀಲು ಹಾಕಿದ್ದೇವೆ.

ಬಂದವರು ಕುರ್ಚಿಯ ತುದಿಯಲ್ಲಿ ಕೂತು ಹೇಳಿದ್ದು ಇಷ್ಟು: ಅಪ್ಪನಿಗೆ ಹುಷಾರಿಲ್ಲ, ಮಲಗಿದಲ್ಲೇ ಇದ್ದಾರೆ, ಈ ಅಪೀಲು ಅಂತ ಬೆಂಗಳೂರಿಗೆ ಓಡಾಡಲು ಆಗುದಿಲ್ಲ. ಆಮೇಲೆ ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿ, "ನೀವು ಪ್ರಾರ್ಥನೆ ಮಾಡುವವರು. ನಿಮ್ಮಲ್ಲಿ ಕ್ಷಮಿಸುದೇ ದೊಡ್ಡದು ಅಲ್ವಾ ಅಮ್ಮ?"

ನನಗೆ ರಕ್ತ ನೆತ್ತಿಗೇರಿತು. ಅಮ್ಮನಿಗೆ ಏರಲಿಲ್ಲ. ಅವಳು ಏನಂದಳು ಅಂತ ಆಮೇಲೆ ಬರೆಯುತ್ತೇನೆ. ಅದಕ್ಕಿಂತ ಮೊದಲು ಅವಳ ಪ್ರಾರ್ಥನೆ ಏನು ಅಂತ ಹೇಳಬೇಕು, ಯಾಕಂದ್ರೆ ನಮ್ಮವರಲ್ಲೇ ಅನೇಕರಿಗೆ ಅದು ಗೊತ್ತಿಲ್ಲ. ಈಚೆಗೆ ಒಂದು ಸಭೆಯಲ್ಲಿ ಸಂಗಾತಿಯೊಬ್ಬರು, "ಪ್ರಾರ್ಥನೆಗೆ ಹೋಗುವ ನಮ್ಮ ಹೆಂಗಸರು ಹೋರಾಟವನ್ನು ಯೇಸುವಿನ ಕಾಲಬುಡದಲ್ಲಿ ಇಟ್ಟು ಬಂದಿದ್ದಾರೆ" ಅಂದರು. ಎಲ್ಲರೂ ನಕ್ಕರು. ನಾನೂ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ಈ ಪೋಸ್ಟು.

ಅಮ್ಮ ಪ್ರಾರ್ಥನೆಗೆ ಹೋಗಲು ಶುರು ಮಾಡಿದ್ದು ನಾನು ಆರನೆಯ ಕ್ಲಾಸಿನಲ್ಲಿದ್ದಾಗ. ಅಪ್ಪನ ಕುಡಿತ ವಿಪರೀತ ಆಗಿತ್ತು. ಬೀಡಿ ಬ್ರಾಂಚಲ್ಲಿ ಪರಿಚಯದ ಒಬ್ಬರು, ಒಂದು ಭಾನುವಾರ ಬಾ ಅಂತ ಕರೆದರು. ಅದೇನು ದೊಡ್ಡ ಇಗರ್ಜಿ ಅಲ್ಲ. ಕಲ್ಯಾಣಪುರದ ಮಿಲಾಗ್ರಿಸ್, ಸಂತೆಕಟ್ಟೆಯ ಮೌಂಟ್ ರೋಸರಿ ಇವುಗಳ ಮುಂದೆ ಅದು ಏನೂ ಅಲ್ಲ. ಒಂದು ಬಾಡಿಗೆ ಮನೆಯ ಚಾವಡಿ, ಹತ್ತು ಚಾಪೆ, ಒಂದು ಢೋಲಕ್. ಮೊದಲ ದಿನ ಅಲ್ಲಿಂದ ಬಂದು ಅಮ್ಮ ಹೇಳಿದ್ದು ಯೇಸುವಿನ ವಿಷಯ ಅಲ್ಲವೇ ಅಲ್ಲ. "ಅವ್ರು ನನ್ನ ತಲೆ ಮೇಲೆ ಕೈ ಇಟ್ರು ಮಗಾ" ಅಂದಳು. ಗೆರಟೆಯಲ್ಲಿ ಚಾ ಕುಡಿದು, ಆ ಗೆರಟೆಯನ್ನು ತಾನೇ ತೊಳೆದು ಕವುಚಿ ಇಟ್ಟು ಬರುತ್ತಿದ್ದ ಹೆಂಗಸಿನ ತಲೆ ಮೇಲೆ ಬೇರೆ ಜಾತಿಯ ಒಬ್ಬಳು ಕೈ ಇಟ್ಟಿದ್ದಳು. ಮತಾಂತರಕ್ಕೆ ಅಕ್ಕಿ ಕೊಟ್ಟರು, ದುಡ್ಡು ಕೊಟ್ಟರು ಅಂತ ಭಾಷಣ ಮಾಡುವವರು ಕೇಳಿಸಿಕೊಳ್ಳಿ, ಕೊಟ್ಟದ್ದು ಅದು.

ರಾತ್ರಿ ಎಲ್ಲರ ಊಟ ಆದ ಮೇಲೆ ಅವಳು ತಡ್ಪೆ ಬದಿಗಿಟ್ಟು ಗೋಡೆ ಕಡೆ ಮುಖ ಮಾಡಿ ಕೂರ್ತಾಳೆ. "ಎನ್ನ ದೇವೆರೆ" ಅಂತ ಶುರು. ಆಮೇಲೆ ಬರುವುದು ಸ್ತುತಿಗಿಂತ ಹೆಚ್ಚು ದೂರು. ಇವತ್ತು ಬ್ರಾಂಚಿನಲ್ಲಿ ಇಷ್ಟು ಬೀಡಿ ರಿಜೆಕ್ಟ್ ಮಾಡಿದ್ರು, ಅದು ಮೋಸ. ಇಂಥವಳ ಗಂಡ ಅವಳಿಗೆ ಹೊಡ್ದ. ಪಂಚಾಯ್ತಿಯವನು ಸುಳ್ಳು ಹೇಳ್ದ. ಹೆಸರು, ಜಾಗ, ಹೊತ್ತು ಎಲ್ಲ ಹೇಳ್ತಾಳೆ. ಹೊರಗೆ ಯಾರ ಮುಂದೆಯೂ ಎತ್ತದ ದನಿಯನ್ನು ಅಲ್ಲಿ ಎತ್ತುತ್ತಾಳೆ. ಚಾಪೆಯಲ್ಲಿ ಮಲಗಿ ಕೇಳ್ತಾ ಕೇಳ್ತಾ ಬೆಳೆದವನು ನಾನು. ದೂರು ಬರೆಯುವುದನ್ನು ದಸಂಸದ ಶಿಬಿರದಲ್ಲಿ ಕಲಿತೆ ಅಂತ ತುಂಬ ಕಡೆ ಹೇಳಿಕೊಂಡಿದ್ದೇನೆ. ಅರ್ಧ ಸುಳ್ಳು. ಮೊದಲ ಪಾಠ ಆ ಗೋಡೆ ಬುಡದಲ್ಲಿ ಆದದ್ದು.

ಹೀಗಿದ್ದವಳು 2017ರ ಆ ಘಟನೆ ಆದ ಮೇಲೆ ಒಂದು ಕಡೆ ಸಿಕ್ಕಿಬಿದ್ದಳು. ಕೊನೆಗೆ ಕರ್ತನ ಪ್ರಾರ್ಥನೆ ಹೇಳುವ ಕ್ರಮ ಇದೆಯಲ್ಲ, ಅದರಲ್ಲಿ ನಾವು ಬೇರೆಯವರ ತಪ್ಪು ಮನ್ನಿಸುವ ಮಾತು ಬರುತ್ತದೆ. ಅಲ್ಲಿಗೆ ಬಂದಾಗ ಅಮ್ಮ ನಿಲ್ಲಿಸಿಬಿಡುತ್ತಿದ್ದಳು. ಸ್ವಲ್ಪ ಹೊತ್ತು ಮೌನ, ಆಮೇಲೆ ಆ ಸಾಲು ಹಾರಿಸಿ ಮುಂದೆ. ಒಂದೆರಡು ದಿನ ಅಲ್ಲ, ಏಳೆಂಟು ತಿಂಗಳು. ಪ್ಲಾಸ್ಟರ್ ತೆಗೆದರು, ಕೈ ಸರಿಯಾಗಿ ಮಡಚುವುದಿಲ್ಲ ಅಂತ ಗೊತ್ತಾಯ್ತು, ದಿನಕ್ಕೆ ಕಟ್ಟುವ ಬೀಡಿ ಅರ್ಧಕ್ಕೆ ಇಳಿಯಿತು. ಆಗಲೂ ಹಾರಿಸುತ್ತಲೇ ಇದ್ದಳು. ನಾನು ಒಮ್ಮೆ ಕೇಳಿದೆ, ಹೇಳಿಬಿಟ್ರೆ ಏನಾಗ್ತದೆ, ಬರೀ ಬಾಯಿಮಾತು ತಾನೇ ಅಂತ. "ಬಾಯಿಮಾತಿಗೆ ದೇವ್ರು ಯಾಕೆ ಬೇಕು?" ಅಂದಳು.

ಅವಳ ನಂಬಿಕೆ ನಿಜವಾದದ್ದು ಅಂತ ನನಗೆ ಅನಿಸಿದ್ದು ಆ ಸಾಲನ್ನು ಹೇಳಿದ ದಿನ ಅಲ್ಲ, ಹೇಳದೆ ಬಿಟ್ಟ ತಿಂಗಳುಗಳಲ್ಲಿ.

2018ರ ಮಳೆಗಾಲದಲ್ಲಿ ಒಂದು ರಾತ್ರಿ ಹೇಳಿದಳು. ಆ ಮನುಷ್ಯನ ಹೆಸರು ಹಿಡಿದು. ನಾನು ಎದ್ದು ಕೂತು ಜಗಳ ತೆಗೆದೆ. ಅವನು ಬಂದು ಕೇಳಿದ್ನಾ? ತಪ್ಪಾಯ್ತು ಅಂದ್ನಾ? ಇದು ಗುಲಾಮಗಿರಿ, ಅವ್ರ ಕಾಲು ನೆಕ್ಕುವುದನ್ನೇ ನಿಮ್ಮ ಪಾಸ್ಟರು ಬೇರೆ ಹೆಸರಲ್ಲಿ ಕಲಿಸಿದ್ದಾರೆ ಅಂತ ಏನೇನೋ ಕಿರುಚಿದೆ. ಅಮ್ಮ ಕೇಳಿಸಿಕೊಂಡು ಹೇಳಿದ್ದು: "ಸಿಟ್ಟು ಇಟ್ಕೊಂಡು ಬೀಡಿ ಕಟ್ಟಿದ್ರೆ ಕೈ ನಡುಗ್ತದೆ. ಎಲೆ ಹರೀತದೆ. ಅವ್ನು ಮುರಿದದ್ದು ಒಂದು ಕೈ. ಎರಡೂ ಕೈ ಯಾಕೆ ಕೊಡ್ಲಿ?"

ನಾನು ಸಿಟ್ಟಿನಿಂದ ಆಡಿದ್ದು ಪೂರ್ತಿ ನನ್ನ ಮಾತಲ್ಲ. ಬಾಬಾಸಾಹೇಬರು ಮತಾಂತರಗೊಂಡವರ ಸ್ಥಿತಿಯ ಬಗ್ಗೆ ಬರೆದದ್ದು ಇಂಗ್ಲಿಷ್ ಸಂಪುಟಗಳಲ್ಲಿ ಐದನೆಯದರಲ್ಲಿದೆ, ಓದಿ. ಅಸ್ಪೃಶ್ಯನಿಗೆ ಮಿಷನರಿ ಬಂದು ನಿನ್ನ ಕಷ್ಟಕ್ಕೆ ನಿನ್ನ ಪಾಪ ಕಾರಣ ಅಂತ ಕಲಿಸಿದರೆ, ಅವನು ತನ್ನನ್ನು ತುಳಿದ ಸಮಾಜವನ್ನು ಪ್ರಶ್ನಿಸುವುದನ್ನೇ ಬಿಡುತ್ತಾನೆ ಎಂಬುದು ಅವರ ವಾದ. ಇದು ಇವತ್ತಿಗೂ ಸುಳ್ಳಾಗಿಲ್ಲ. ಕೋರ್ಟಿನ ವರಾಂಡದಲ್ಲಿ ಅಮ್ಮನಿಗೆ "ರಾಜಿ ಆಗಮ್ಮ, ಕರ್ತನು ಅದನ್ನೇ ಬಯಸ್ತಾನೆ" ಅಂತ ಹೇಳಲು ಬಂದವರಲ್ಲಿ ಬೈಬಲ್ ಹಿಡಿದವರೂ ಇದ್ದರು. ಬಾಬಾಸಾಹೇಬರು ಹೆದರಿದ್ದು ಅಂಥವರಿಗೆ. ನನ್ನ ಅಮ್ಮನಂಥವಳನ್ನು ಆ ಪುಟಗಳಲ್ಲಿ ನಾನು ಹುಡುಕಿದ್ದೇನೆ. ಅವಳು ಅಲ್ಲಿ ಇಲ್ಲ.

ಯಾಕಂದ್ರೆ ಅವಳಿಗೆ ಇಷ್ಟವಾದ ಕತೆ ಬೇರೆ. ಲೂಕನ ಸುವಾರ್ತೆಯಲ್ಲಿ ಬರುತ್ತದೆ, ಒಬ್ಬ ವಿಧವೆ, ಒಬ್ಬ ನ್ಯಾಯಾಧೀಶ. ಅವನಿಗೆ ದೇವರ ಭಯವೂ ಇಲ್ಲ, ಮನುಷ್ಯರ ಮರ್ಯಾದೆಯೂ ಇಲ್ಲ. ಇವಳು ದಿನಾ ಹೋಗಿ ನನಗೆ ನ್ಯಾಯ ಕೊಡಿಸು ಅಂತ ಪೀಡಿಸಿ ಪೀಡಿಸಿ ಕೊನೆಗೆ ಅವನು ಸಾಕಾಗಿ ಕೊಡ್ತಾನೆ. ಪ್ರಾರ್ಥನೆ ಅಂದ್ರೆ ಹೇಗಿರಬೇಕು ಅಂತ ಕಲಿಸಲು ಯೇಸು ಹೇಳಿದ ಕತೆ ಅದು. ಕೋರ್ಟಿಗೆ ಅಲೆಯುವ ಹೆಂಗಸಿನ ಕತೆ ಮಾರಾಯ್ರೆ! ತಾರೀಕು ಮುಂದೆ ಹೋದಾಗಲೆಲ್ಲ ಅಮ್ಮ ಬಸ್ಸಿನಲ್ಲಿ ಅದನ್ನೇ ಹೇಳ್ತಾಳೆ, ನಗ್ತಾ.

ವಿಚಾರಣೆಯ ದಿನ ಆದದ್ದು ಕೋರ್ಟ್ ದಾಖಲೆಯಲ್ಲೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಪೆಟ್ಟಿನ ವಿಷಯ ಬಿಟ್ಟು, ನೀವು ಕ್ರೈಸ್ತರಾ ಅಂತ ಕೇಳಿದರು. ಅದರ ಹಿಂದಿನ ಲೆಕ್ಕ ಹೊಸಬರಿಗೆ ಗೊತ್ತಿರಲಿ. 1950ರ ರಾಷ್ಟ್ರಪತಿ ಆದೇಶದ ಮೂರನೆಯ ಪ್ಯಾರಾದ ಪ್ರಕಾರ ಹಿಂದೂ ಆಗಿದ್ದರೆ ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತ, ಮುಸ್ಲಿಂ ದಲಿತರು ಇವತ್ತಿಗೂ ಹೊರಗೆ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ತಡೆ ತೆಗೆಯಿರಿ ಅಂದಿತು, ಯಾರೂ ತೆಗೆಯಲಿಲ್ಲ. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದನ್ನು ಮಾಡಿದರು. ಪರಿಶಿಷ್ಟ ಜಾತಿ ಅಲ್ಲ ಅಂತಾದರೆ ದೌರ್ಜನ್ಯ ಕಾಯ್ದೆಯೂ ಅನ್ವಯಿಸುವುದಿಲ್ಲ. 2025ರಲ್ಲಿ ಆಂಧ್ರ ಹೈಕೋರ್ಟ್ ದೂರುದಾರ ಪಾಸ್ಟರ್ ಎಂಬ ಕಾರಣಕ್ಕೆ ಅಂಥದ್ದೊಂದು ಕೇಸನ್ನೇ ರದ್ದು ಮಾಡಿತು. ಹೊಡೆಯುವವನು ಸರ್ಟಿಫಿಕೇಟ್ ನೋಡಿ ಹೊಡೆಯುವುದಿಲ್ಲ. ಬಚಾವಾಗುವಾಗ ಮಾತ್ರ ಸರ್ಟಿಫಿಕೇಟ್ ಕೇಳ್ತಾನೆ.

ಅಮ್ಮ ಇಷ್ಟು ವರ್ಷ ಪ್ರಾರ್ಥಿಸಿಯೂ ದೀಕ್ಷಾಸ್ನಾನ ತಗೊಂಡಿಲ್ಲ. ನನ್ನ, ತಂಗಿಯ ಓದಿಗಾಗಿ. ನೀರಿಗೆ ಇಳಿಯುವ ಆಸೆ ಅವಳಿಗೆ ಎಷ್ಟಿತ್ತು ಅಂತ ನನಗೆ ಗೊತ್ತು. ನಮ್ಮ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ಪು ಅವಳು ದೇವರಿಗೆ ಕೊಡಬೇಕಾದದ್ದನ್ನು ತಡೆದು ಕೊಟ್ಟ ದುಡ್ಡು. ಸರ್ಕಾರಿ ವಕೀಲರು ಮೊದಲೇ ಹೇಳಿಕೊಟ್ಟಿದ್ದರು, "ಹಿಂದೂ ಆದಿದ್ರಾವಿಡ ಅನ್ನಿ, ಅಷ್ಟೇ ಸಾಕು." ದಾಖಲೆಯಲ್ಲಿ ಅದು ಸತ್ಯವೂ ಹೌದು. ಅಮ್ಮ ಅಂದದ್ದು, "ಜಾತಿ ಆದಿದ್ರಾವಿಡ. ಸ್ನಾನ ಆಗ್ಲಿಲ್ಲ. ಪ್ರಾರ್ಥನೆ ಯೇಸುವಿನ ಹೆಸರಲ್ಲಿ ಮಾಡ್ತೇನೆ." ವಕೀಲರು ತಲೆ ಮೇಲೆ ಕೈ ಇಟ್ಟುಕೊಂಡರು. ನಾನೂ. ಹೊರಗೆ ಬಂದು ಬೈದೆ. ಸತ್ಯ ಹೇಳ್ತೇನೆ ಅಂತ ಪ್ರಮಾಣ ಮಾಡಿಸಿ ಅವ್ರೇ ಕೇಳಿದ್ರಲ್ಲ ಅಂದಳು. ಕೇಸು ಬಿದ್ದದ್ದು ಆ ಉತ್ತರದಿಂದಲ್ಲ, ಸಾಕ್ಷಿ ತಿರುಗಿದ್ದರಿಂದ. ಅಪೀಲಿನಲ್ಲಿ ಆ ಉತ್ತರ ಮತ್ತೆ ಎದ್ದು ಬರ್ತದೆ, ನನಗೆ ಗೊತ್ತಿದೆ.

ಕ್ಷಮೆಯ ವಿಷಯಕ್ಕೆ ಬಂದರೆ ನಮ್ಮ ಬಳಗಕ್ಕೂ ಒಂದು ಲೆಕ್ಕ ಬಾಕಿ ಇದೆ. 2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಹತ್ತಿರದ ಸನ್ಯಾಸಿನಿಯರ ಮಠ ಮೊದಲ್ಗೊಂಡು ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರಿನ ಪ್ರಾರ್ಥನಾಮಂದಿರಗಳ ಮೇಲೆ ದಾಳಿ ಆಯ್ತು. ಆಮೇಲೆ ಬೀದಿಗಿಳಿದ ಕ್ರೈಸ್ತರ ಮೇಲೆ ಪೊಲೀಸರ ಲಾಠಿ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟಾಗ ಪೆಟ್ಟು ತಿಂದವರಿಗೆ ಅದು ಎರಡನೆಯ ಪೆಟ್ಟಿನಂತೆ ಕಂಡಿತು. ಆ ದಿನಗಳಲ್ಲಿ ಅಮ್ಮನ ಚಾವಡಿ ಪ್ರಾರ್ಥನೆ ನಿಂತುಹೋಗಿ, ಮನೆ ಮನೆಯಲ್ಲಿ ಕಿಟಕಿ ಹಾಕಿಕೊಂಡು ನಡೆಯಿತು. ಢೋಲಕ್ ಅಟ್ಟಕ್ಕೆ ಹೋಯಿತು.

ಆ ದಾಳಿಯನ್ನು ಅಂದು ಬಹಿರಂಗವಾಗಿ ಸಮರ್ಥಿಸಿಕೊಂಡು ಜೈಲಿಗೆ ಹೋದ ಬಜರಂಗದಳದ ರಾಜ್ಯ ಸಂಚಾಲಕ ಮಹೇಂದ್ರ ಕುಮಾರ್ ಮುಂದೆ ಆ ದಾರಿ ಬಿಟ್ಟರು. 'ನಮ್ಮ ಧ್ವನಿ' ಮಾಡಿದರು. ಹುಡುಗರನ್ನು ಹೇಗೆ ಹಾಳು ಮಾಡುತ್ತಾರೆ ಅಂತ ಒಳಗಿನಿಂದ ಕಂಡವರಾಗಿ ಊರೂರಿನಲ್ಲಿ ಹೇಳಿದರು. ನಾವು ಅವರನ್ನು ಅಪ್ಪಿಕೊಂಡೆವು. 2020ರ ಏಪ್ರಿಲ್ 25ರಂದು, ಲಾಕ್‌ಡೌನ್ ನಡುವೆ, ಅವರು ತೀರಿಕೊಂಡಾಗ ನಾನು ಕಣ್ಣೀರು ಹಾಕಿ ಒಂದು ಪೋಸ್ಟ್ ಬರೆದಿದ್ದೆ, ಹಳಬರಿಗೆ ನೆನಪಿರಬಹುದು. ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅವರ ಆತ್ಮಕ್ಕೆ ಶಾಂತಿ ಸಿಗ್ಲಿ ಅಂದಳು. ಆಮೇಲೆ ಕೇಳಿದಳು: "ಅವ್ರನ್ನು ಕ್ಷಮಿಸಿದ್ದೇವೆ ಅಂತ ಬರ್ದಿಯಲ್ಲ, ಯಾರು, ನೀನಾ? ಆವತ್ತು ನಿಂಗೆ ಪೆಟ್ಟು ಬಿದ್ದಿತ್ತಾ?"

ಮಹೇಂದ್ರ ಕುಮಾರ್ ಬದಲಾದದ್ದನ್ನು ನಾನು ಈಗಲೂ ಗೌರವಿಸುತ್ತೇನೆ. ಹಳೆಯ ಗೆಳೆಯರನ್ನೆಲ್ಲ ಕಳೆದುಕೊಂಡು ಹಾಗೆ ಮಾತಾಡುವುದು ಸಣ್ಣ ಧೈರ್ಯ ಅಲ್ಲ. ಆದರೆ ಅಮ್ಮನ ಪ್ರಶ್ನೆ ನನಗೆ ಅಂಟಿಕೊಂಡಿತು. ಬೇರೆಯವರ ಮೈಮೇಲೆ ಬಿದ್ದ ಪೆಟ್ಟನ್ನು ನಾವು ಕ್ಷಮಿಸಿಬಿಟ್ಟಿದ್ದೆವು, ವೇದಿಕೆಯ ಮೇಲೆ, ಶಾಲು ಹೊದಿಸಿ. ಅದನ್ನು ಒಗ್ಗಟ್ಟು ಅನ್ನಬಹುದು. ಕ್ಷಮೆ ಅನ್ನಲು ನಮಗೆ ಹಕ್ಕು ಇರಲಿಲ್ಲ. ಇತ್ತ ತನ್ನ ಮುರಿದ ಕೈಯನ್ನೇ ಕ್ಷಮಿಸಿದ ಹೆಂಗಸನ್ನು ಗುಲಾಮಳು ಅಂದವನೂ ನಾನೇ.

ಕ್ಷಮೆ ಅಂದಾಕ್ಷಣ ಎಲ್ಲರೂ ಗ್ಲಾಡಿಸ್ ಸ್ಟೇನ್ಸ್ ಹೆಸರು ಹೇಳುತ್ತಾರೆ. 1999ರ ಜನವರಿ 22ರ ನಡುರಾತ್ರಿ ಒಡಿಶಾದ ಮನೋಹರಪುರದಲ್ಲಿ ಗಂಡ ಗ್ರಹಾಂ, ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೋತಿಯನ್ನು ವಾಹನದಲ್ಲೇ ಸುಟ್ಟರು. ಆಕೆ ಕ್ಷಮಿಸಿದೆ ಅಂದರು, 2004ರವರೆಗೆ ಬಾರಿಪದದ ಕುಷ್ಠರೋಗಿಗಳ ನಡುವೆಯೇ ಇದ್ದರು, ಮರುವರ್ಷ ಪದ್ಮಶ್ರೀ ಬಂತು. ಆದರೆ ಆಕೆ ಇನ್ನೊಂದು ಮಾತೂ ಹೇಳಿದ್ದರು, ಅದನ್ನು ಯಾರೂ ಪ್ರವಚನದಲ್ಲಿ ಹೇಳುವುದಿಲ್ಲ. ನನ್ನ ಕ್ಷಮೆ ಬೇರೆ, ಅಪರಾಧದ ಪರಿಣಾಮ ಬೇರೆ, ಎರಡನ್ನು ಕಲಸಬೇಡಿ ಎಂಬ ಅರ್ಥದ ಮಾತು. ಕಾನೂನು ತನ್ನ ದಾರಿಯಲ್ಲಿ ಹೋಯಿತು, ದಾರಾ ಸಿಂಗನ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಒಂದು ಕಹಿ ಸತ್ಯ ಹೇಳ್ತೇನೆ, ಆ ತಾಯಿಯ ಮೇಲೆ ಅಗೌರವದಿಂದಲ್ಲ. ಆಕೆ ಕ್ಷಮಿಸಿದಾಗ ದೇಶ ಬೆರಗಾಯಿತು. ನಮ್ಮ ಹೆಂಗಸರು ಕ್ಷಮಿಸಿದರೆ ಯಾರೂ ಬೆರಗಾಗುವುದಿಲ್ಲ. ಅದು ಅವರ ಡ್ಯೂಟಿ ಅಂತ ತಿಳಿದಿದ್ದಾರೆ, ಅಂಗಳ ಗುಡಿಸಿದ ಹಾಗೆ.

ಚರ್ಚಿನವರಿಗೂ ಎರಡು ಮಾತು. ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ಬಾಮಣ, ಚಾರೊಡಿ, ಸುದಿರ್ ಅಂತ ಮದುವೆ ಮಾತುಕತೆಯಲ್ಲಿ ಇನ್ನೂ ವಿಚಾರಿಸುತ್ತಾರೆ ಅಂತ ಎಲ್ಲರಿಗೂ ಗೊತ್ತಿದೆ, ಯಾರೂ ಪುಲ್ಪಿಟ್ಟಿನಿಂದ ಹೇಳುವುದಿಲ್ಲ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಬಿಷಪರು ದಲಿತ ಸಬಲೀಕರಣ ನೀತಿ ಹೊರಡಿಸಿ, ಸಭೆಯೊಳಗೇ ಅಸ್ಪೃಶ್ಯತೆ ಇದೆ, ಅದು ಪಾಪ ಎಂದು ಒಪ್ಪಿಕೊಂಡರು. ಒಳ್ಳೆಯದು. ಆ ಒಪ್ಪಿಗೆ ಎಷ್ಟು ಊರಿನ ಪೀಠದಿಂದ ಗಟ್ಟಿಯಾಗಿ ಓದಿದರು? ಕ್ಷಮಿಸಿ ಅಂತ ದಲಿತರಿಗೆ ಬೋಧಿಸುವ ಎಲ್ಲರೂ ಜಕ್ಕಾಯನನ್ನು ಮರೆಯುತ್ತಾರೆ. ಆ ಸುಂಕದವನ ಮನೆಗೆ ಯೇಸು ಹೋದಾಗ ಅವನು ಬರೀ ಅಳಲಿಲ್ಲ, ಸುಲಿದದ್ದನ್ನು ನಾಲ್ಕು ಪಟ್ಟು ವಾಪಸ್ ಕೊಡ್ತೇನೆ ಅಂತ ಎದ್ದು ನಿಂತ. ಆಮೇಲೇ ಆ ಮನೆಗೆ ರಕ್ಷಣೆ ಬಂತು ಅಂದದ್ದು. ನಾಲ್ಕು ಪಟ್ಟು! ನಾವು ಕೇಳ್ತಿರುವುದು ಇದ್ದದ್ದರಲ್ಲಿ ಮೂರು ಅಡಿ ದಾರಿ.

ಹೌದು, ಅಮ್ಮ ಅವತ್ತು ಬಂದವರಿಗೆ ಅದನ್ನೇ ಹೇಳಿದಳು. ಚಾ ಮಾಡಿ ಕೊಟ್ಟಳು, ಗಾಜಿನ ಗ್ಲಾಸಿನಲ್ಲಿ. ಅವರು ಕುಡಿದರು, ಅದನ್ನೂ ಬರೆಯಬೇಕು. ಆಮೇಲೆ ನಿಧಾನಕ್ಕೆ ಅಂದಳು, "ನಾನು ಕ್ಷಮಿಸಿ ಏಳು ವರ್ಷ ಆಯ್ತು ಮಗಾ. ನಿಮ್ಮ ತಂದೆಗೆ ಹೇಳಿ. ಅವ್ರಿಗೆ ಗುಣ ಆಗ್ಲಿ ಅಂತ ಇವತ್ತಿಂದ ಪ್ರಾರ್ಥನೆ ಮಾಡ್ತೇನೆ. ಅದು ನಾನು ದೇವ್ರ ಹತ್ರ ಹೇಳುದು. ಕೋರ್ಟಲ್ಲಿ ಆದದ್ದು ಹೇಳ್ಬೇಕು, ಅದನ್ನು ಆಗ್ಲಿಲ್ಲ ಅಂತ ಹೇಳ್ಲಿಕ್ಕೆ ನಂಗೆ ಬರುದಿಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮತ್ತೆ ಅವಳೇ ಕೇಳಿದಳು, "ನೀವು ಈಗ ಯಾವ ದಾರಿಯಲ್ಲಿ ಬಂದ್ರಿ?"

ಅವರು ಉತ್ತರ ಕೊಡಲಿಲ್ಲ. ಅವರ ಗೇಟು ತೆಗೆದು ಬಂದರೆ ನಮ್ಮ ಮನೆಗೆ ಮೂರು ನಿಮಿಷ. ಆ ಬೀಗ ತೆಗೆಯುವುದನ್ನು ಯಾರಾದರೂ ನೋಡಿಯಾರು ಅಂತ ಪೂರಾ ಸುತ್ತು ಹಾಕಿ, ಧೂಳು ತಿಂದು ಬಂದಿದ್ದರು. ನಾವು ದಿನಾ ಬರುವ ದಾರಿಯಲ್ಲೇ. "ಆ ಬೀಗ ತೆಗೀರಿ. ಮಕ್ಕಳು ಶಾಲೆಗೆ ಹೋಗುವವರಿದ್ದಾರೆ. ಮತ್ತೆ ಕೂತು ಮಾತಾಡುವ" ಅಂದಳು ಅಮ್ಮ. ಅಪ್ಪನ ಹತ್ರ ಕೇಳ್ತೇನೆ ಅಂತ ಅವರು ಎದ್ದರು.

ಹಣ್ಣಿನ ತೊಟ್ಟೆ ಬಿಟ್ಟು ಹೋಗಿದ್ದರು. ವಾಪಸ್ ಕೊಟ್ಟು ಬರ್ತೇನೆ ಅಂತ ನಾನು ಹೊರಟೆ. ಸೇಬು ಏನು ಮಾಡಿದೆ ನಿಂಗೆ ಅಂತ ಬೈದು, ಕಾಲನಿಯ ಮಕ್ಕಳಿಗೆ ಹಂಚಿದಳು.

ಅವತ್ತಿನಿಂದ ರಾತ್ರಿಯ ಪ್ರಾರ್ಥನೆಯಲ್ಲಿ ಆ ಮನುಷ್ಯನ ಕಾಯಿಲೆಯೂ ಸೇರಿದೆ, ಮಗನ ಹೆಸರೂ ಸೇರಿದೆ. ನನ್ನ ಕೈಲಿ ಇನ್ನೂ ಆಗಿಲ್ಲ. ಅವಳು ಆ ಸಾಲಿಗೆ ಬಂದಾಗ ನಾನು ಎದ್ದು ಅಂಗಳಕ್ಕೆ ಹೋಗ್ತೇನೆ. ಅಲ್ಲಿಂದ ಗೇಟು ಕಾಣ್ತದೆ. ನಿನ್ನೆ ರಾತ್ರಿಯೂ ನೋಡಿದೆ, ಬೀಗ ಹಾಗೇ ಇದೆ. ನಾಳೆ ಬೆಂಗಳೂರಿನ ವಕೀಲರಿಗೆ ಫೋನ್ ಮಾಡಿ ಅಪೀಲಿನ ತಾರೀಕು ಕೇಳಬೇಕು.

ಜೈ ಭೀಮ್.